ಹಳ್ಳಿಗೆ ಮೊದಲು ಬಂದ ಟೆಲಿವಿಷನ್

“ಕೈಯಲ್ಲಿ ಮೊಬೈಲು, ಮನೆಯಲ್ಲಿ ಇಂಟರ್‌ನೆಟ್ಟು ಇದ್ದ ಮೇಲೆ ಮನುಷ್ಯ ಎಲ್ಲಿದ್ದರೇನು?” ಎಂಬ ಮಾತು ನಮ್ಮ ಸಂಘದ ಹರಟೆಗಳಲ್ಲಿ ಈಗೀಗ ಕೇಳಿಬರುತ್ತಿದೆ. ನಿವೃತ್ತಿಯ ನಂತರ ಊರಿಗೆ ಮರಳುವುದೋ, ಅಹಮದಾಬಾದಿನಲ್ಲೇ ನೆಲೆಸುವುದೋ ಎಂಬ ಚರ್ಚೆಯಲ್ಲಂತೂ ಇದೇ ಕೊನೆಯ ಅಸ್ತ್ರ. ಮಾತು ಹೊಸದಲ್ಲ. ಇದರ ದೊಡ್ಡ ಪರೀಕ್ಷೆಯೊಂದು ಐವತ್ತು ವರ್ಷಗಳ ಹಿಂದೆ ನಮ್ಮ ವಸ್ತ್ರಾಪುರದ ನೆರೆಯಲ್ಲೇ ನಡೆಯಿತು, ಅದರಲ್ಲಿ ಕನ್ನಡನಾಡಿನ ಹಳ್ಳಿಗಳೂ ಪಾಲುಗೊಂಡಿದ್ದವು ಎಂಬುದನ್ನು ನಮ್ಮವರೇ ಅನೇಕರು ಅರಿಯರು.

ಅದರ ಹೆಸರು ‘ಸೈಟ್’. ನಿವೇಶನವೆಂದು ಬೆಂಗಳೂರಿನವರು ಕಿವಿ ನಿಮಿರಿಸಬೇಕಾಗಿಲ್ಲ. ಉಪಗ್ರಹದ ಮೂಲಕ ಶಿಕ್ಷಣ ನೀಡುವ ಟೆಲಿವಿಷನ್ ಪ್ರಯೋಗಕ್ಕೆ ಇಂಗ್ಲಿಷಿನ ಆದ್ಯಕ್ಷರಗಳು ಕೊಟ್ಟ ಹೆಸರಿದು.

ವಸ್ತ್ರಾಪುರ ಆಗ ಕೆರೆಯ ಬದಿಯ ಹಳ್ಳಿ. ಅದರ ಪಕ್ಕದ ಜೋಧಪುರ ಟೇಕ್ರಾದಲ್ಲಿ 1967ರಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಸ್ಥಾಪನೆಯಾಯಿತು. ಇದರ ಹಿಂದಿದ್ದವರು ಡಾ. ವಿಕ್ರಮ್ ಸಾರಾಭಾಯಿ. ಟೆಲಿವಿಷನ್ನು ಪಟ್ಟಣದಿಂದ ಪಟ್ಟಣಕ್ಕೆ ತೆವಳುತ್ತ ಹೋದರೆ ಹಳ್ಳಿಗೆ ತಲಪುವುದು ಎಂದೋ. ಅಷ್ಟರಲ್ಲಿ ಪಟ್ಟಣದ ಸೆಳೆತವೂ ಹೆಚ್ಚುತ್ತದೆ. ಆದ್ದರಿಂದ ದೂರದ ಹಳ್ಳಿಗೇ ಮೊದಲು ಕೊಡಬೇಕು, ಅಲ್ಲಿನ ಬದುಕು ಸಮೃದ್ಧವಾದರೆ ನಗರಕ್ಕೆ ವಲಸೆ ಬರುವ ಆಸೆಯೂ ಇಳಿದೀತು ಎಂಬುದು ಅವರ ವಾದ. 1969ರಲ್ಲಿ ಅಮೆರಿಕದ ನಾಸಾದೊಂದಿಗೆ ಒಪ್ಪಂದವಾಯಿತು. ಫಲ ಕಾಣುವ ಮೊದಲೇ, 1971ರ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡರು.

1975ರ ಆಗಸ್ಟ್ 1ರಂದು ಪ್ರಸಾರ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳವು. ಕಾರ್ಯಕ್ರಮ ಅಹಮದಾಬಾದಿನಿಂದ 36,000 ಕಿಲೋಮೀಟರು ಎತ್ತರದ ಎಟಿಎಸ್-6 ಉಪಗ್ರಹಕ್ಕೆ ಏರಿ, ಅಲ್ಲಿಂದ ನೇರವಾಗಿ ಹಳ್ಳಿಗೆ ಇಳಿಯುತ್ತಿತ್ತು. ಉಪಗ್ರಹದ ಒಂಬತ್ತು ಮೀಟರಿನ ಆಂಟೆನಾ ಸಂಕೇತವನ್ನು ಬಲವಾಗಿ ಕಳಿಸುತ್ತಿದ್ದುದರಿಂದ, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ಮೂರು ಮೀಟರಿನ ಅಗ್ಗದ ತಟ್ಟೆಯೇ ಹಳ್ಳಿಗೆ ಸಾಕಾಯಿತು. ಒಂದೇ ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲವಿತ್ತು: ಆಂಧ್ರದವರು ತೆಲುಗಿನಲ್ಲಿ ಕೇಳಿದ್ದನ್ನು ನಮ್ಮವರು ಕನ್ನಡದಲ್ಲಿ ಕೇಳಿದರು. ಈ ಎರಡೂ ಭಾಷೆಗಳ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು-ಕುಣಿತ. ಮೊದಲ ದಿನಗಳ ಜಾತ್ರೆ ಕ್ರಮೇಣ ಕರಗಿತಾದರೂ ಪೆಟ್ಟಿಗೆಯ ಮುಂದೆ ಜನ ಕೂರುವುದು ನಿಲ್ಲಲಿಲ್ಲ.

ಆಗ ಬೆಂಗಳೂರಿನಲ್ಲಿ ಟೆಲಿವಿಷನ್ ಇರಲಿಲ್ಲ! ರಾಜಧಾನಿಗಿಲ್ಲದ್ದು ಬಿಸಿಲುನಾಡಿನ ಹಳ್ಳಿಗೆ ಮೊದಲು ಸಿಕ್ಕಿದ್ದು ನಮ್ಮ ಚರಿತ್ರೆಯಲ್ಲಿ ಎಷ್ಟು ಸಲ ನಡೆದೀತು?

ಹಾಗಾದರೆ ಜನ ಊರಲ್ಲೇ ನಿಂತರೇ? ಒಂದೇ ವರ್ಷದ ಪ್ರಯೋಗದಿಂದ ಅಷ್ಟನ್ನು ಅಪೇಕ್ಷಿಸುವುದು ಅನ್ಯಾಯ. ಆದರೆ ಟೆಲಿವಿಷನ್ನು ಮನೆಮನೆಗೆ ಬಂದ ಮೇಲೂ ಆ ಜಿಲ್ಲೆಗಳ ಕೂಲಿಕಾರರು ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ತಪ್ಪಲಿಲ್ಲ. ಪರದೆ ಒಳ್ಳೆಯ ಬೀಜವನ್ನು ತೋರಿಸಬಲ್ಲದು, ಮಳೆ ಸುರಿಸಲಾರದು. ಓದಿದವರ ಕಥೆಯೂ ಬೇರೆಯಲ್ಲ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಸಾರಾಭಾಯಿಯವರ ಬಳಿ ಸಂಶೋಧನೆ ಮಾಡಲು ಅಹಮದಾಬಾದಿಗೆ ಬಂದರು, ಅಮೆರಿಕಕ್ಕೆ ಹೋಗಿ ಮರಳಿದರು. ಮುಂದೆ ಅವರ ನೇತೃತ್ವದಲ್ಲಿ ‘ಆರ್ಯಭಟ’ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಉಪಗ್ರಹವನ್ನು ಕಟ್ಟುವವರೂ ಕೆಲಸವಿದ್ದಲ್ಲಿಗೇ ಹೋದರು. ನಾವು ಗುಮಾಸ್ತರು ವರ್ಗಾವಣೆಯ ಆದೇಶ ಬಂದಲ್ಲಿಗೆ ಹೋಗುತ್ತೇವೆ, ಅಷ್ಟೇ ವ್ಯತ್ಯಾಸ.

1976ರ ಜುಲೈ 31ಕ್ಕೆ ಒಪ್ಪಂದದ ಅವಧಿ ಮುಗಿದು ನಾಸಾ ಉಪಗ್ರಹವನ್ನು ಹಿಂದಕ್ಕೆ ಕರೆಸಿಕೊಂಡಿತು. ಗುಲ್ಬರ್ಗದ ಭಾಗಕ್ಕೆ 1977ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಬೆಂಗಳೂರಿನವರು 1981ರ ನವೆಂಬರ್ 1ರ ತನಕ ಕಾಯಬೇಕಾಯಿತು.