ನೀರು ಬಾರದ ಮುಳುಗಡೆ

ಬಾಗಲಕೋಟೆಯವರು ಹಳೆಯ ಮನೆಯ ಮಾತು ಬಂದಾಗ ‘ಮುಳುಗಡ್ಯಾಗ ಹೋತು’ ಎನ್ನುತ್ತಾರೆ. ನೀರು ಹೊಸ್ತಿಲನ್ನೂ ಮುಟ್ಟದ ಮನೆಗೂ ಇದೇ ಮಾತು. ಹಳೇ ಊರಿನ ನಮ್ಮ ಅಜ್ಜನ ಮನೆ ಹೀಗೆ ಒಣನೆಲದ ಮೇಲೆ ನಿಂತೇ ಹೋಯಿತು.

ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಅಡಿಗಲ್ಲಿಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿ, ಆಗಿನ್ನೂ ಪ್ರಧಾನಿಯಾಗಿರಲಿಲ್ಲ. ಇಂದು ನೀರು ನಿಲ್ಲುವ ಮಟ್ಟ 519.6 ಮೀಟರ್. 2010ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಎರಡು ಅಂಕಿಗಳ ನಡುವಿನ ನಾಲ್ಕೂವರೆ ಮೀಟರಿಗೂ ಮಿಕ್ಕ ಅಂತರದಲ್ಲಿ ಸಿಕ್ಕವರ ಕಷ್ಟ ಬೇರೆ. ನೀರು ಬರುವುದಿಲ್ಲ, ಆದರೆ ಬರುತ್ತದೆ ಎಂಬ ಮಾತು ಹೋಗುವುದಿಲ್ಲ.

ಮಾಳಿಗೆ ಮನೆಗೆ ಇಷ್ಟೇ ಸಾಕು. ತೊಲೆ, ಅದರ ಮೇಲೆ ಜಂತಿ, ಹಲಗೆ, ಮೇಲೆ ದಪ್ಪನೆಯ ಮಣ್ಣು. ಪುಣೆಯ ಓದುಗರು ‘ಧಾಬ್ಯಾಚೆ ಘರ್’ ಎಂದರೆ ಗುರುತು ಹಿಡಿದಾರು. ಮುಂಗಾರಿಗೆ ಮೊದಲು ಪ್ರತಿವರ್ಷ ಸವಳು ಮಣ್ಣು ಹಾಕಿ, ಹುಲ್ಲು ಕಿತ್ತು, ಬಡಿದು ಗಟ್ಟಿ ಮಾಡಬೇಕು. ಎರಡು ಮಳೆಗಾಲ ಬಿಟ್ಟರೆ ಜಂತಿಯ ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಗೋಡೆಯೆಂದರೆ ಎರಡು ಕಲ್ಲಿನ ಮೈ, ನಡುವೆ ಮಣ್ಣು. ಮೇಲಿಂದ ಇಳಿದ ನೀರು ಆ ಮಣ್ಣನ್ನು ಕರಗಿಸಿತೆಂದರೆ ಎರಡೂ ಮೈ ಒಂದಕ್ಕೊಂದು ಬೆನ್ನು ತಿರುಗಿಸಿ ಬೀಳುತ್ತವೆ. ನಾಳೆ ಸರ್ಕಾರಕ್ಕೆ ಹೋಗಲಿರುವ ಮನೆಗೆ ಈ ವರ್ಷ ಮಣ್ಣು ಹೊರುವವರು ಯಾರು? ಇದನ್ನು ಉದಾಸೀನ ಎನ್ನಲು ನನಗೆ ಮನಸ್ಸಿಲ್ಲ. ಲೆಕ್ಕ ಹಾಕಿಯೇ ಬಿಟ್ಟದ್ದು.

ಕಳೆದ ಬಾರಿ ಹೋದಾಗ ಪಡಸಾಲೆಯಲ್ಲಿ ಜಾಲಿ ಬೆಳೆದಿತ್ತು. ಬೆಳಕಿಂಡಿ ಇದ್ದ ಜಾಗಕ್ಕೆ ಇಡೀ ಆಕಾಶ. ಅಡುಗೆಮನೆಯ ಗೂಡಿನಲ್ಲಿ ದೀಪದ ಮಸಿ ಮಾತ್ರ ಹಾಗೇ ಇತ್ತು, ಬೆರಳಿಗೆ ಹತ್ತಿತು.

ಚಾರ್ಲ್ಸ್ ಕೊರಿಯಾ ಯೋಜಿಸಿದ ನವನಗರದಲ್ಲಿ ಈಗ ಕಾಕಾನ ಆರ್‌ಸಿಸಿ ಮನೆಯಿದೆ. ಅಜ್ಜನ ಮನೆಯ ತಲಬಾಗಿಲ ಚೌಕಟ್ಟನ್ನು ಕಿತ್ತು ತಂದು ಅಲ್ಲಿ ಕೂಡಿಸಿದ್ದಾರೆ. ಬಗ್ಗಿಯೇ ಒಳಗೆ ಹೋಗಬೇಕು. ಹೊಸಬರ ಹಣೆ ಬಡಿದಾಗಲೆಲ್ಲ ಕಾಕೂ ಒಳಗಿನಿಂದಲೇ ‘ಸಾವಕಾಶ’ ಎನ್ನುತ್ತಾಳೆ.