ಕಾಡುಗೆಣಸಿನ ಪ್ರಶ್ನೆ ಮತ್ತು ನುಡಿಯ ಸಾಕ್ಷ್ಯ

ಬೇಸಾಯದ ನೆರವಿಲ್ಲದೆ, ಬೇಟೆ ಮತ್ತು ಸಂಗ್ರಹಣೆಗಳಿಂದಷ್ಟೇ ಉಷ್ಣವಲಯದ ಮಳೆಕಾಡಿನಲ್ಲಿ ಮನುಷ್ಯರು ಬದುಕಬಲ್ಲರೆ? ಮಾನವಶಾಸ್ತ್ರದಲ್ಲಿ ‘ಕಾಡುಗೆಣಸಿನ ಪ್ರಶ್ನೆ’ ಎಂದು ಹೆಸರಾದ ಈ ಚರ್ಚೆಯನ್ನು 1987ರಲ್ಲಿ ಆರಂಭಿಸಿದವರು ಫಿಲಿಪ್ಪೀನ್ಸ್‌ನ ಅಗ್ತಾ ಜನರ ನಡುವೆ ದೀರ್ಘಕಾಲ ನೆಲೆಸಿ ಅವರ ನುಡಿಯನ್ನು ಅಭ್ಯಸಿಸಿದ್ದ ಥಾಮಸ್ ಹೆಡ್‌ಲ್ಯಾಂಡ್. 1989ರಲ್ಲಿ ರಾಬರ್ಟ್ ಬೇಲಿ ಮತ್ತು ಸಂಗಡಿಗರು ಅದನ್ನು ಜಗತ್ತಿನ ಮಳೆಕಾಡುಗಳಿಗೆಲ್ಲ ವಿಸ್ತರಿಸಿದರು. ಮಳೆಕಾಡಿನ ಸಮೃದ್ಧಿ ಕಣ್ಣಿಗೆ ಮಾತ್ರ, ಹೊಟ್ಟೆಗಲ್ಲ ಎಂಬುದು ಅವರ ವಾದದ ತಿರುಳು. ಅಲ್ಲಿನ ಶಕ್ತಿಯೆಲ್ಲ ಮರದ ಕಾಂಡದಲ್ಲೂ ಎತ್ತರದ ಎಲೆಗಳಲ್ಲೂ ಸೇರಿಹೋಗಿರುತ್ತದೆ. ಬೇಟೆಯ ಪ್ರಾಣಿಗಳಲ್ಲಿ ಕೊಬ್ಬು ಕಡಿಮೆ. ಬಿಸಿಲು ತಾಗದ ನೆಲದಲ್ಲಿ ಗೆಣಸು ವಿರಳ. ಆದ್ದರಿಂದ ಪಿಷ್ಟಾಹಾರಕ್ಕಾಗಿ ಬೇಟೆಗಾರರು ಸದಾ ನೆರೆಯ ಬೇಸಾಯಗಾರರನ್ನು ಅವಲಂಬಿಸಿದ್ದಿರಬೇಕು.

ಈ ವಾದಕ್ಕೆ ನುಡಿಯೂ ಸಾಕ್ಷಿಯಾಗಿ ಬಂತು. ಹೆಡ್‌ಲ್ಯಾಂಡ್ ಮತ್ತು ಭಾಷಾವಿಜ್ಞಾನಿ ಲಾರೆನ್ಸ್ ರೀಡ್ ತೋರಿಸಿದಂತೆ, ಅಗ್ತಾ ಜನ ಇಂದು ಆಡುವುದು ಆಸ್ಟ್ರೊನೇಷ್ಯನ್ ನುಡಿಗಳನ್ನು. ತಮ್ಮ ಮೂಲನುಡಿಯನ್ನೇ ಬಿಟ್ಟುಕೊಡುವಷ್ಟು ಗಾಢವಾದ ಸಂಪರ್ಕ ಬೇಸಾಯಗಾರರೊಡನೆ ಸಾವಿರಾರು ವರ್ಷಗಳ ಹಿಂದೆಯೇ ಏರ್ಪಟ್ಟಿತ್ತು. ಮಧ್ಯ ಆಫ್ರಿಕದ ಅರಣ್ಯವಾಸಿಗಳಿಗೂ ತಮ್ಮದೇ ಆದ ಪ್ರತ್ಯೇಕ ಭಾಷಾಕುಟುಂಬವಿಲ್ಲ. ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ, ಈ ಜನ ಕಾಡಿಗೆ ಬಂದದ್ದೇ ಬೇಸಾಯಗಾರರ ಜೊತೆಗೆ ಅಥವಾ ಅವರ ನಂತರ ಎಂಬ ತೀರ್ಮಾನಕ್ಕೆ ತಲುಪುತ್ತೇವೆ. ಕಾಡಿನ ಮೇಲೆ ಮೊದಲ ಹಕ್ಕು ಯಾರದೆಂಬ ಪ್ರಶ್ನೆ ಇದರ ಬೆನ್ನಿಗೇ ಇದೆ. ಆದುದರಿಂದ ಆ ಹೆಜ್ಜೆಯನ್ನು ಎಚ್ಚರದಿಂದ ಪರೀಕ್ಷಿಸಬೇಕು.

ನುಡಿಪಲ್ಲಟವು ಸಂಪರ್ಕವನ್ನು ಸಿದ್ಧಪಡಿಸುತ್ತದೆ, ಹಸಿವನ್ನಲ್ಲ. ಫ್ರೆಂಚ್ ವಿದ್ವಾಂಸ ಸೆರ್ಜ್ ಬಾಹುಶೆ ಅವರು ಅಕಾ ಮತ್ತು ಬಾಕಾ ಎಂಬ ಎರಡು ಅರಣ್ಯಸಮುದಾಯಗಳ ಶಬ್ದಕೋಶಗಳನ್ನು ಹೋಲಿಸಿ ನೋಡಿದರು. ಅಕಾ ನುಡಿ ಬಂಟು ಕುಟುಂಬದ್ದು, ಬಾಕಾ ಉಬಂಗಿಯನ್ ವರ್ಗದ್ದು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಹೋಲಿಸಿದ ಪದಗಳಲ್ಲಿ ಸುಮಾರು ಐದನೆಯ ಒಂದು ಭಾಗ ಸಮಾನವಾಗಿದ್ದು, ಅವುಗಳಲ್ಲಿ ಬಹುಪಾಲು ಕಾಡಿನ ಬದುಕಿಗೆ ಸಂಬಂಧಿಸಿದವು: ಕಾಡುಗೆಣಸು, ಜೇನು, ಗಿಡಮರ, ಪ್ರಾಣಿ, ಬೇಟೆಯ ಉಪಕರಣ. ವ್ಯಾಕರಣ ನೆರೆಯವರದು, ಕಾಡಿನ ಪದಸಂಪತ್ತು ಮಾತ್ರ ಇಬ್ಬರಿಗೂ ಸಾಮಾನ್ಯವಾದ ಯಾವುದೋ ಪೂರ್ವನೆಲೆಯದು. ಈ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ರೋಜರ್ ಬ್ಲೆಂಚ್ ಅವರು ಲುಪ್ತವಾದ ಮೂಲನುಡಿಯ ಕಲ್ಪನೆಯನ್ನೇ ಪ್ರಶ್ನಿಸಿದ್ದಾರೆ. ಕೈರ್ನ್ ಕ್ಲೀಮನ್ ಇಂಥ ಹಲವು ಪದಗಳಿಗೆ ಬಂಟು ಮೂಲವನ್ನು ಸೂಚಿಸಿದ್ದಾರೆ. ಆಕ್ಷೇಪಗಳು ಲಘುವಲ್ಲ. ಆದರೆ ಪದಗಳ ಮೂಲ ಏನೇ ಇರಲಿ, ಕಾಡುಗೆಣಸಿನ ಬಗೆಗಳಿಗೆ ಇಷ್ಟು ಸೂಕ್ಷ್ಮ ಪರಿಭಾಷೆ ಬೇಸಾಯದ ಊಟವನ್ನೇ ನೆಚ್ಚಿದವರಿಗೆ ಏಕೆ ಬೇಕಾಯಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕ್ಯಾಮರೂನಿನ ಬಾಕಾ ಜನ ‘ಮೊಲೊಂಗೊ’ ಎಂಬ ಹೆಸರಿನಲ್ಲಿ ಬೇಸಿಗೆಯ ಒಣದಿನಗಳಲ್ಲೇ ಕಾಡುಹೊಕ್ಕು, ಎರಡು ತಿಂಗಳಿಗೂ ಮಿಕ್ಕಿ ಮುಖ್ಯವಾಗಿ ಕಾಡುಗೆಣಸಿನಿಂದಲೇ ಬದುಕಿದ್ದನ್ನು ಹಿರೊಕಾಜು ಯಸುಒಕಾ 2006ರಲ್ಲಿ ದಾಖಲಿಸಿದರು.

ನಿರ್ಣಾಯಕ ಪುರಾವೆ ದೊರೆತದ್ದು ನುಡಿಯಿಂದಲ್ಲ, ಹಲ್ಲಿನಿಂದ. ಅದೂ ನಮಗೆ ಸಮೀಪದ ಶ್ರೀಲಂಕೆಯಲ್ಲಿ. ಫಾ ಹಿಯೆನ್ ಲೆನ, ಬಟದೊಂಬ ಲೆನ ಮೊದಲಾದ ನೆಲೆಗಳಲ್ಲಿ ಸಿಕ್ಕ ಮಾನವ ದಂತಗಳ ಐಸೋಟೋಪ್ ವಿಶ್ಲೇಷಣೆಯನ್ನು ಪ್ಯಾಟ್ರಿಕ್ ರಾಬರ್ಟ್ಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಕನಿಷ್ಠ 20,000 ವರ್ಷಗಳ ಹಿಂದೆಯೇ, ಅಂದರೆ ಬೇಸಾಯಕ್ಕಿಂತ ಬಹಳ ಮೊದಲೇ, ಅಲ್ಲಿನ ಜನ ಮಳೆಕಾಡಿನ ಆಹಾರವನ್ನು ನೆಚ್ಚಿದ್ದರು. 2019ರ ಸಂಶೋಧನೆ ಫಾ ಹಿಯೆನ್ ಲೆನದಲ್ಲಿ ಕೋತಿ ಮತ್ತು ಅಳಿಲುಗಳ ಬೇಟೆಯನ್ನು ಸುಮಾರು 45,000 ವರ್ಷಗಳಷ್ಟು ಹಿಂದಕ್ಕೆ ಒಯ್ದಿತು. ಆ ಜನರ ವಾರಸುದಾರರೆಂದು ಹಲವರು ಭಾವಿಸುವ ವೆದ್ದರ ಮಾತು ಇಂದು ಸಿಂಹಳಕ್ಕೆ ತೀರ ಹತ್ತಿರದ್ದು. ನುಡಿಯೊಂದನ್ನೇ ನೋಡಿ ಕಾಲನಿರ್ಣಯ ಮಾಡಿದ್ದರೆ ಅವರನ್ನೂ ನಾವು ತಡವಾಗಿ ಬಂದವರೆಂದೇ ಎಣಿಸುತ್ತಿದ್ದೆವು.

ನಮ್ಮ ಜೇನು ಕುರುಬರ ನುಡಿಯ ವಿಚಾರದಲ್ಲೂ ಇಂಥದೇ ಎಚ್ಚರ ಅಗತ್ಯ, ಅವರ ಕಾಡು ಬಹುಮಟ್ಟಿಗೆ ಎಲೆಯುದುರುವ ಕಾಡಾದರೂ. ಅದು ಕನ್ನಡದ ಉಪಭಾಷೆಯೋ ಸ್ವತಂತ್ರ ನುಡಿಯೋ ಎಂಬ ಚರ್ಚೆಯಲ್ಲಿ ನೂರಿನ್ನೂರು ಮೂಲಪದಗಳ ಪಟ್ಟಿಯೇ ಸಾಮಾನ್ಯವಾಗಿ ಅಳತೆಗೋಲು. ಕೈ, ಕಾಲು, ನೀರು, ಬೆಂಕಿಗಳಿರುವ ಆ ಪಟ್ಟಿಯಲ್ಲಿ ಜೇನಿನ ಬಗೆಗಳಿಗೂ ಅಗೆದು ತಿನ್ನುವ ಗೆಡ್ಡೆಗಳಿಗೂ ಸ್ಥಳವಿಲ್ಲ. ಬಾಹುಶೆಯವರು ಅಕಾ ಮತ್ತು ಬಾಕಾ ನುಡಿಗಳನ್ನು ಅಂಥ ಪಟ್ಟಿಯಿಂದಷ್ಟೇ ಅಳೆದಿದ್ದರೆ ಅವರಿಗೆ ಬಂಟು ಮತ್ತು ಉಬಂಗಿಯನ್ ಹೊರತು ಬೇರೇನೂ ಕಾಣುತ್ತಿರಲಿಲ್ಲ.