ಅಮಿನ್‌ದಿವಿ ದ್ವೀಪಗಳು: ಮಂಗಳೂರಿನಿಂದ ಆಳಲ್ಪಟ್ಟ ಐದು ದ್ವೀಪಗಳ ಇತಿಹಾಸ

ನವೆಂಬರ್ ಒಂದರಂದು ಪೆರುಂಗುಡಿಯ ನಮ್ಮ ಮನೆಗಳಲ್ಲಿ ಏಕೀಕರಣದ ಮಾತು ಬಂದಾಗ, 1956ರಲ್ಲಿ ಮದರಾಸು ರಾಜ್ಯದಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳು ಮೈಸೂರಿಗೆ ಸೇರಿದ್ದನ್ನು ಸಂತೋಷದಿಂದಲೂ, ಕಾಸರಗೋಡು ಕೈತಪ್ಪಿದ್ದನ್ನು ವಿಷಾದದಿಂದಲೂ ಸ್ಮರಿಸುತ್ತೇವೆ. ಅದೇ ದಿನ ಅದೇ ದಕ್ಷಿಣ ಕನ್ನಡ ಜಿಲ್ಲೆಯಿಂದ ಇನ್ನೊಂದು ಭೂಭಾಗವೂ ಬೇರ್ಪಟ್ಟಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅರಬ್ಬೀ ಸಮುದ್ರದಲ್ಲಿರುವ ಅಮಿನ್‌ದಿವಿ ದ್ವೀಪಸಮೂಹವೇ ಆ ಭೂಭಾಗ. ಒಂದೂವರೆ ಶತಮಾನಕ್ಕೂ ಮಿಕ್ಕಿ ಈ ದ್ವೀಪಗಳ ಆಡಳಿತ ಮಂಗಳೂರಿನಿಂದ ನಡೆಯಿತು. ಮಂಗಳೂರಿನ ಮೇಲಿನ ಅಧಿಕಾರವಾದರೋ ನಾವಿಂದು ನೆಲೆಸಿರುವ ಈ ಚೆನ್ನೈ ನಗರದ ಸೇಂಟ್ ಜಾರ್ಜ್ ಕೋಟೆಯಲ್ಲಿತ್ತು.

ದ್ವೀಪಗಳ ಪರಿಚಯ

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಎಂಬ ಐದು ಜನವಸತಿಯ ದ್ವೀಪಗಳು ಅಮಿನ್‌ದಿವಿ ಸಮೂಹಕ್ಕೆ ಸೇರಿವೆ. ಇವು ಇಂದಿನ ಲಕ್ಷದ್ವೀಪದ ಉತ್ತರ ಭಾಗ. ಮಂಗಳೂರಿನಿಂದ ಅಮಿನಿಗೆ ಸಮುದ್ರಮಾರ್ಗದಲ್ಲಿ ಸುಮಾರು 300 ಕಿಲೋಮೀಟರ್ ದೂರ. ಇಡೀ ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪಗಳಿದ್ದು, ಅವುಗಳಲ್ಲಿ ಹತ್ತರಲ್ಲಿ ಮಾತ್ರ ಜನರು ವಾಸಿಸುತ್ತಾರೆ. ಒಟ್ಟು ವಿಸ್ತೀರ್ಣ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರ ಚಿಲ್ಲರೆ.

ದ್ವೀಪವಾಸಿಗಳ ಮನೆಮಾತು ಕನ್ನಡವಲ್ಲ. ಅಮಿನ್‌ದಿವಿಯಲ್ಲಿ ಜೆಸೆರಿ ಎಂಬ ಮಲಯಾಳದ ಉಪಭಾಷೆಯೂ, ದಕ್ಷಿಣದ ತುದಿಯಲ್ಲಿರುವ ಮಿನಿಕಾಯಿಯಲ್ಲಿ ಮಾಲ್ಡೀವ್ಸಿನ ಭಾಷೆಗೆ ಹತ್ತಿರವಾದ ಮಹಲ್ ಭಾಷೆಯೂ ಬಳಕೆಯಲ್ಲಿವೆ. ಆದ್ದರಿಂದ ಕನ್ನಡ ನಾಡಿನೊಂದಿಗೆ ಅಮಿನ್‌ದಿವಿಯ ಸಂಬಂಧವು ಭಾಷೆಯಿಂದ ಬಂದುದಲ್ಲ. ವ್ಯಾಪಾರ ಮತ್ತು ಆಡಳಿತಗಳಿಂದ ಬಂದುದು.

ಅರಕ್ಕಲ್ ಮನೆತನದಿಂದ ಟಿಪ್ಪುವಿಗೆ

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಈ ದ್ವೀಪಗಳ ಮೇಲೆ ಕಣ್ಣಿಟ್ಟರು. ಹಡಗುಗಳಿಗೆ ಬೇಕಾದ ಹಗ್ಗಕ್ಕೆ ಇಲ್ಲಿನ ತೆಂಗಿನ ನಾರು ಹೆಸರಾಗಿದ್ದುದೇ ಅದಕ್ಕೆ ಕಾರಣ. ಅಮಿನಿಯ ಜನರು ಆ ಆಕ್ರಮಣಕಾರರಿಗೆ ವಿಷವಿಕ್ಕಿ ಕೊಂದರೆಂಬ ಐತಿಹ್ಯ ಅಲ್ಲಿ ಇಂದಿಗೂ ಇದೆ. ಬಳಿಕ ದ್ವೀಪಗಳು ಚಿರಕ್ಕಲ್ ಅರಸರಿಂದ ಕಣ್ಣೂರಿನ ಅರಕ್ಕಲ್ ಮನೆತನದ ಕೈಗೆ ಬಂದವು. ಅರಕ್ಕಲ್ ಆಡಳಿತವು ನಾರಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯವಾಗಿ ಮಾಡಿಕೊಂಡಿತು. ಜನರು ತಾವು ಹೊಸೆದ ಹುರಿಯನ್ನು ಬೇರೆಯವರಿಗೆ ಮಾರುವಂತಿರಲಿಲ್ಲ. ಆಳುವವರು ಕಟ್ಟಿದ ಬೆಲೆಗೇ ಒಪ್ಪಿಸಬೇಕಾಗಿತ್ತು. ದ್ವೀಪದಲ್ಲಿ ಭತ್ತ ಬೆಳೆಯದ ಕಾರಣ ಅಕ್ಕಿಗೂ ಅವರನ್ನೇ ಆಶ್ರಯಿಸಬೇಕಾಗಿತ್ತು.

ಇದರಿಂದ ಬೇಸತ್ತ ಅಮಿನಿಯ ಜನರು 1780ರ ದಶಕದಲ್ಲಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳ ಆಡಳಿತವನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. ಆಗ ಅರಕ್ಕಲ್ ಬೀಬಿಯೊಂದಿಗೆ ಟಿಪ್ಪುವಿಗೆ ಸ್ನೇಹವಿದ್ದಿತು. ಮಾತುಕತೆಯ ನಂತರ ಅಮಿನ್‌ದಿವಿ ಸಮೂಹವು ಮೈಸೂರಿನ ಅಧೀನಕ್ಕೆ ಬಂದಿತು. ಉಳಿದ ದ್ವೀಪಗಳು ಅರಕ್ಕಲ್ ಬಳಿಯಲ್ಲಿಯೇ ಉಳಿದವು. ಹೀಗೆ ಒಂದೇ ಸಾಗರದ, ಒಂದೇ ಜನಾಂಗದ ದ್ವೀಪಗಳು ಎರಡು ಆಡಳಿತಗಳಿಗೆ ಹಂಚಿಹೋದವು. ಈ ವಿಭಜನೆಯು 1956ರವರೆಗೂ ಉಳಿದುಬಂದಿತು.

ಕಂಪನಿಯ ಕಾಲ

1799ರಲ್ಲಿ ಶ್ರೀರಂಗಪಟ್ಟಣ ಪತನವಾದೊಡನೆ ಕೆನರಾ ಪ್ರಾಂತ್ಯದ ಜೊತೆಗೆ ಅಮಿನ್‌ದಿವಿಯೂ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮುಂದೆ ಕೆನರಾ ಜಿಲ್ಲೆಯನ್ನು ಎರಡಾಗಿ ಒಡೆದು, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ದಕ್ಷಿಣ ಕನ್ನಡವೂ, ಅದರೊಂದಿಗೆ ಈ ಐದು ದ್ವೀಪಗಳೂ ಮದರಾಸು ಪ್ರಾಂತ್ಯದಲ್ಲಿಯೇ ಉಳಿದವು.

ಉಳಿದ ದ್ವೀಪಗಳ ಕಥೆ ಬೇರೆ. 1847ರಲ್ಲಿ ಆಂಡ್ರೋತ್ ದ್ವೀಪಕ್ಕೆ ಭೀಕರ ಚಂಡಮಾರುತ ಬಡಿಯಿತು. ಪರಿಹಾರಕ್ಕೆಂದು ಕಂಪನಿಯು ಕೊಟ್ಟ ಸಾಲವು ಬಡ್ಡಿಯೊಡನೆ ಬೆಳೆಯಿತು. ಅದನ್ನು ತೀರಿಸಲಾಗದೆ 1854ರಲ್ಲಿ ದ್ವೀಪಗಳ ಆಡಳಿತವನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ನಡುವೆ ಕೆಲಕಾಲ ಅವು ಅರಕ್ಕಲ್ ಮನೆತನಕ್ಕೆ ಮರಳಿದರೂ, ವಾರ್ಷಿಕ 23,000 ರೂಪಾಯಿಗಳ ಮಾಲಿಖಾನೆಗೆ ಬದಲಾಗಿ 1908ರಲ್ಲಿ ಶಾಶ್ವತವಾಗಿ ಬ್ರಿಟಿಷರಿಗೆ ಸೇರಿದವು. ಇವು ಮಲಬಾರ್ ಜಿಲ್ಲೆಯ ಭಾಗವಾದವು.

ಅಮಿನ್‌ದಿವಿಯಲ್ಲಿ ದಕ್ಷಿಣ ಕನ್ನಡದ ಕಲೆಕ್ಟರರ ಪ್ರತಿನಿಧಿಯಾಗಿ ಅಮಿನಿಯಲ್ಲಿ ಒಬ್ಬ ಅಧಿಕಾರಿ ಇರುತ್ತಿದ್ದನು. ಆಂಗ್ಲ ದಾಖಲೆಗಳು ಅವನನ್ನು 'ಮೊನೆಗಾರ್' ಎಂದು ಕರೆಯುತ್ತವೆ. ನಮ್ಮ ಹಳೆಯ ಕಂದಾಯದ 'ಮಣೆಗಾರ' ಎಂಬ ಪದ ಇಲ್ಲಿ ನೆನಪಾಗದಿರದು. ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನವೂ ಅವನದೇ. ಮಳೆಗಾಲದಲ್ಲಿ ಕಡಲು ಮುಚ್ಚುತ್ತಿತ್ತು. ಅದು ತಿಳಿಯಾದ ಮೇಲೆಯೇ ಮಂಗಳೂರಿನಿಂದ ಮೇಲಧಿಕಾರಿಗಳು ತನಿಖೆಗೆ ಹೋಗುವುದು ಸಾಧ್ಯವಿತ್ತು.

ಆದರೆ ಯಾವ ಏಕಸ್ವಾಮ್ಯದಿಂದ ಬಿಡುಗಡೆ ಬಯಸಿ ಜನರು ಮಂಗಳೂರಿಗೆ ಬಂದಿದ್ದರೋ, ಅದು ಪೂರ್ಣವಾಗಿ ತೊಲಗಲಿಲ್ಲ. ಬ್ರಿಟಿಷರ ಕಾಲದಲ್ಲಿಯೂ ನಾರು ಸರ್ಕಾರಕ್ಕೇ ಸಲ್ಲಬೇಕಾಗಿತ್ತು. ಪ್ರತಿಯಾಗಿ ಅಕ್ಕಿ ದೊರೆಯುತ್ತಿತ್ತು. ದ್ವೀಪದವರು ಓಡಂ ಎಂಬ ಹಾಯಿಹಡಗುಗಳಲ್ಲಿ ನಾರು, ಕೊಬ್ಬರಿಗಳನ್ನು ತುಂಬಿ ಮಂಗಳೂರಿನ ಬಂದರಿಗೆ ಬಂದು, ವರ್ಷಕ್ಕಾಗುವಷ್ಟು ದಿನಸಿಯೊಡನೆ ಮರಳುತ್ತಿದ್ದರು. ಪ್ರಭುಗಳು ಬದಲಾದರು; ತಕ್ಕಡಿ ಮಾತ್ರ ಪ್ರಭುಗಳ ಕೈಯಲ್ಲಿಯೇ ಉಳಿಯಿತು.

ಕೇಂದ್ರಾಡಳಿತ ಪ್ರದೇಶ

1956ರ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯು ದಕ್ಷಿಣ ಕನ್ನಡವನ್ನು ಮೈಸೂರಿಗೆ ಸೇರಿಸುವಾಗ ಕಾಸರಗೋಡು ತಾಲೂಕನ್ನೂ ಅಮಿನ್‌ದಿವಿ ದ್ವೀಪಗಳನ್ನೂ ಹೊರತುಪಡಿಸಿತು. ಮಲಬಾರ್ ಜಿಲ್ಲೆಯಲ್ಲಿದ್ದ ದ್ವೀಪಗಳೊಂದಿಗೆ ಇವನ್ನು ಕೂಡಿಸಿ 'ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು' ಎಂಬ ಕೇಂದ್ರಾಡಳಿತ ಪ್ರದೇಶವನ್ನು ರಚಿಸಲಾಯಿತು. ಮೊದಲು ಕೋಳಿಕ್ಕೋಡಿನಲ್ಲಿದ್ದ ಆಡಳಿತ ಕೇಂದ್ರವು 1964ರಲ್ಲಿ ಕವರತ್ತಿಗೆ ಸ್ಥಳಾಂತರಗೊಂಡಿತು. ನ್ಯಾಯಾಂಗದ ಮಟ್ಟಿಗೆ ಕೇರಳ ಉಚ್ಚ ನ್ಯಾಯಾಲಯದ ವ್ಯಾಪ್ತಿ ಇದಕ್ಕಿದೆ. 1973ರ ನವೆಂಬರ್ 1ರಂದು ಪ್ರದೇಶಕ್ಕೆ 'ಲಕ್ಷದ್ವೀಪ' ಎಂದು ನಾಮಕರಣವಾಯಿತು. ಮೈಸೂರು ರಾಜ್ಯವು 'ಕರ್ನಾಟಕ'ವಾದುದೂ ಅದೇ ದಿನ!

ಲೋಕಸಭೆಗೆ ಮೊದಲು ನಾಮಕರಣಗೊಂಡ ಸದಸ್ಯರಿದ್ದರು. 1967ರಲ್ಲಿ ಜನರು ನೇರವಾಗಿ ಮತ ಹಾಕಿದರು. ಅಂದು ಆಯ್ಕೆಯಾದ ಪಿ.ಎಂ. ಸಯೀದ್ ಅವರು ಮಂಗಳೂರಿನಲ್ಲಿ ಓದಿದವರು. ಸತತ ಹತ್ತು ಬಾರಿ ಗೆದ್ದು, ಲೋಕಸಭೆಯ ಉಪಸಭಾಧ್ಯಕ್ಷರೂ ಆದರು. ಸುಮಾರು 57 ಸಾವಿರ ಮತದಾರರ ಈ ಕ್ಷೇತ್ರವು ಮತದಾರರ ಸಂಖ್ಯೆಯಲ್ಲಿ ದೇಶದಲ್ಲಿಯೇ ಅತ್ಯಂತ ಚಿಕ್ಕದು.

ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ. ಸಂವಿಧಾನದ 239ನೆಯ ವಿಧಿಯಂತೆ ರಾಷ್ಟ್ರಪತಿಗಳು ನೇಮಿಸುವ ಆಡಳಿತಾಧಿಕಾರಿಯೇ ಅಲ್ಲಿನ ಮುಖ್ಯಸ್ಥರು. 240ನೆಯ ವಿಧಿಯಂತೆ ರಾಷ್ಟ್ರಪತಿಗಳೇ ಅಲ್ಲಿಗೆ ನಿಯಮಾವಳಿಗಳನ್ನು ರಚಿಸಬಲ್ಲರು. ಪುದುಚೇರಿಗೆ ವಿಧಾನಸಭೆ ದೊರಕಿತು. ಗೋವಾ 1987ರಲ್ಲಿ ರಾಜ್ಯವೇ ಆಯಿತು. ಲಕ್ಷದ್ವೀಪಕ್ಕೆ 1994ರ ನಿಯಮಾವಳಿಯಿಂದ ಪಂಚಾಯತ್ ವ್ಯವಸ್ಥೆ ಮಾತ್ರ ಬಂದಿತು. ಜನಸಂಖ್ಯೆ ತೀರ ಕಡಿಮೆ, ಸ್ವಂತ ಆದಾಯ ಅಲ್ಪ, ರಕ್ಷಣೆಯ ದೃಷ್ಟಿಯಿಂದ ಸೂಕ್ಷ್ಮ ಪ್ರದೇಶ ಎಂಬ ವಾದಗಳಲ್ಲಿಯೂ ಹುರುಳಿದೆ. ಬಹುತೇಕ ದ್ವೀಪವಾಸಿಗಳನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿ, ಹೊರಗಿನವರ ಪ್ರವೇಶಕ್ಕೆ ಪರವಾನಿಗೆ ಕಡ್ಡಾಯಗೊಳಿಸಿರುವುದರಿಂದ ಅವರ ಭೂಮಿಗೂ ಬದುಕಿಗೂ ರಕ್ಷಣೆ ದೊರೆತಿರುವುದೂ ನಿಜ.

ಆದರೂ ಈ ವ್ಯವಸ್ಥೆಯ ಕೊರತೆ ಆಗಾಗ ಎದ್ದು ಕಾಣುತ್ತದೆ. 2021ರಲ್ಲಿ ಭೂಸ್ವಾಧೀನಕ್ಕೆ ವ್ಯಾಪಕ ಅಧಿಕಾರ ನೀಡುವ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಾವಳಿ ಪ್ರಕಟವಾದಾಗ ದ್ವೀಪಗಳಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು; ಕೇರಳ ವಿಧಾನಸಭೆಯು ನಿರ್ಣಯ ಕೈಗೊಂಡಿತು. ದ್ವೀಪದವರಿಗೆ ತಮ್ಮದೇ ಸಭೆಯಿಲ್ಲದ ಕಾರಣ ಅವರ ಅಳಲು ನೆರೆಯ ರಾಜ್ಯದ ಸಭೆಯಲ್ಲಿ ಕೇಳಿಬರಬೇಕಾಯಿತು. 2025ರ ಜುಲೈಯಲ್ಲಿ ಬಿತ್ರಾ ದ್ವೀಪವನ್ನು ರಕ್ಷಣಾ ಉದ್ದೇಶಕ್ಕಾಗಿ ವಹಿಸಿಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಅಧಿಸೂಚನೆ ಹೊರಟಿತು. ಅಮಿನ್‌ದಿವಿ ಸಮೂಹದ ಈ ಪುಟ್ಟ ದ್ವೀಪದಲ್ಲಿ 2011ರಲ್ಲಿ ಇದ್ದವರು 271 ಜನ.

ನಾವು ನೆಲೆಸಿರುವ ಪೆರುಂಗುಡಿಯ ಸ್ಥಾನಮಾನವೂ ಬದಲಾಗಿದೆ. ಪಟ್ಟಣ ಪಂಚಾಯತ್ ಆಗಿದ್ದ ಈ ಊರು 2011ರಲ್ಲಿ ಚೆನ್ನೈ ಮಹಾನಗರಪಾಲಿಕೆಗೆ ಸೇರಿತು. ಆದರೆ ರಸ್ತೆ, ನೀರು, ಚರಂಡಿಗಳ ವಿಷಯದಲ್ಲಿ ಕೇಳಲು ನಮಗೊಂದು ಶಾಸನಸಭೆಯಿದೆ, ಹಾಕಲು ಒಂದು ಮತವಿದೆ. ಹೊರನಾಡಿನಲ್ಲಿದ್ದರೂ ನಾವು ಅಷ್ಟರಮಟ್ಟಿಗೆ ಭಾಗ್ಯವಂತರು. ಕಾಸರಗೋಡನ್ನು ನೆನೆಯುವಾಗ, ಒಂದು ಕಾಲದಲ್ಲಿ ನಮ್ಮದೇ ಜಿಲ್ಲೆಯವರಾಗಿದ್ದ ಆ ಐದು ದ್ವೀಪಗಳ ಜನರನ್ನೂ ನೆನೆಯೋಣ. ಆ ನೆಲ ನಮ್ಮದೆಂದು ಹೇಳುವುದಕ್ಕಲ್ಲ. ನ್ಯಾಯ ಕೇಳಿ ಅವರು ಮೊದಲು ಬಂದು ನಿಂತುದು ಮಂಗಳೂರಿನಲ್ಲಿ ಎಂಬುದನ್ನು ಮರೆಯದಿರುವುದಕ್ಕೆ.